ಬಡ್ಡಿ ಎಷ್ಟು ಅಂತ ಕೇಳಿದ್ದಕ್ಕೆ ಸಿಬಿಲ್ ತೆಗೆದಿದ್ದಾರಾ? ಹೀಗೆ ಮಾಡಿ

ಶಿವಮೊಗ್ಗದ ಬ್ಯಾಂಕೊಂದರಲ್ಲಿ ಕೂತಿದ್ದೆ. ಊರಿನ ಮನೆಯ ಹಂಚು ಇಳಿಸಿ ತಾರಸಿ ಹಾಕಿಸೋಣ, ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಲಿ ಅಂತ ಸಾಲ ಕೇಳೋಕೆ ಹೋಗಿದ್ದು. ಮ್ಯಾನೇಜರ್ ನನ್ನ ಸಿಬಿಲ್ ವರದಿ, ಅಂದರೆ ನನ್ನ ಸಾಲಗಳ ದಾಖಲೆ, ಇದ್ದ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿದರು. ‘ಮೇಡಂ, ಒಂದೇ ವಾರದಲ್ಲಿ ಮೂರು ಕಡೆ ಪರ್ಸನಲ್ ಲೋನ್ ಕೇಳಿದ್ದೀರಲ್ಲ? ದುಡ್ಡಿಗೆ ಅಷ್ಟೊಂದು ತುರ್ತಾ?’ ಅಂದರು.

ನಾನು ಎಲ್ಲೂ ಕೇಳಿರಲಿಲ್ಲ. ಹದಿನೈದು ದಿನದ ಹಿಂದೆ ಒಂದು ರಾತ್ರಿ ಊಟ ಆದಮೇಲೆ ಮೊಬೈಲ್‌ನಲ್ಲಿ ಒಂದು ಆ್ಯಪ್ ತೆರೆದು ‘ನಿಮಗೆ ಸಿಗುವ ಬಡ್ಡಿ ದರ ನೋಡಿ’ ಅನ್ನೋ ಬಟನ್ ಒತ್ತಿದ್ದೆ, ಅಷ್ಟೇ. ಪ್ಯಾನ್ ನಂಬರ್ ಹಾಕಿದೆ, ಓಟಿಪಿ ಹಾಕಿದೆ, ಬಡ್ಡಿ ಜಾಸ್ತಿ ಅನ್ನಿಸಿತು, ಆ್ಯಪ್ ಮುಚ್ಚಿದೆ. ಪರದೆ ಮೇಲಿದ್ದ ಮೂರು ಹೆಸರುಗಳಲ್ಲಿ ಒಂದನ್ನೂ ನಾನು ಯಾವತ್ತೂ ಕೇಳಿರಲಿಲ್ಲ.

ಹೀಗೆ ಬಡ್ಡಿ ವಿಚಾರಿಸಿದ್ದೇ ಸಾಲ ಕೇಳಿದ ಹಾಗೆ ದಾಖಲಾಗೋದು ಬಹಳ ಜನಕ್ಕೆ ಆಗುತ್ತಿದೆ. ಸರಿಪಡಿಸಲು ದಾರಿ ಇದೆ, ಒಂದು ರೂಪಾಯಿ ಖರ್ಚೂ ಇಲ್ಲ. ಆದರೆ ಯಾರನ್ನು, ಯಾವ ಮಾತಿನಲ್ಲಿ ಕೇಳಬೇಕು ಅನ್ನೋದು ಗೊತ್ತಿರಬೇಕು. ನಾನು ಅಲೆದಾಡಿ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಎನ್‌ಕ್ವೈರಿ ಅಂದರೆ ಏನು?

ಸ್ಕೋರ್ ಅಂದರೆ ನೀವು ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ಅಳೆಯುವ ಅಂಕ. ಅದನ್ನು ನೀವೇ ನೋಡಿಕೊಂಡರೆ ಲೆಕ್ಕಕ್ಕಿಲ್ಲ. ದಿನಾ ನೋಡಿದರೂ ಸ್ಕೋರ್ ಇಳಿಯಲ್ಲ. ಆದರೆ ಸಾಲ ಕೊಡುವ ಬ್ಯಾಂಕೋ ಫೈನಾನ್ಸ್ ಕಂಪನಿಯೋ ‘ಇವರು ನಮ್ಮಲ್ಲಿ ಸಾಲ ಕೇಳಿದ್ದಾರೆ’ ಅಂತ ನಿಮ್ಮ ವರದಿ ತರಿಸಿಕೊಂಡರೆ ಅದು ಎನ್‌ಕ್ವೈರಿ ಅಂತ ದಾಖಲಾಗುತ್ತದೆ. ಮುಂದೆ ನಿಮ್ಮ ವರದಿ ತೆಗೆಯುವ ಪ್ರತಿ ಬ್ಯಾಂಕಿಗೂ ಅದು ಕಾಣುತ್ತದೆ. ಒಂದೆರಡು ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಸಾಲಾಗಿ ನಾಲ್ಕೈದು ಇದ್ದರೆ, ಈ ಮನುಷ್ಯ ದುಡ್ಡಿಗೆ ಪರದಾಡುತ್ತಿದ್ದಾನೆ ಅಂತ ಓದಿಕೊಳ್ಳುತ್ತಾರೆ. ಸ್ಕೋರ್ ಸ್ವಲ್ಪ ಇಳಿಯೋದಕ್ಕಿಂತ ಈ ಅನುಮಾನವೇ ಜಾಸ್ತಿ ತೊಂದರೆ ಕೊಡೋದು.

ನಾವೆಲ್ಲ ‘ಸಿಬಿಲ್’ ಅಂತ ಒಂದೇ ಹೆಸರಲ್ಲಿ ಕರೆದರೂ ದೇಶದಲ್ಲಿ ನಮ್ಮ ಸಾಲಗಳ ದಾಖಲೆ ಇಟ್ಟು ವರದಿ, ಸ್ಕೋರ್ ಕೊಡುವ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕೂ ಕಡೆಯಿಂದ ವರದಿ ತೆಗೆಯಿರಿ

ಯಾರೋ ನಿಮ್ಮ ವರದಿ ನೋಡಿದ್ದಾರೆ ಅಂತ ಎಸ್‌ಎಂಎಸ್ ಅಥವಾ ಇಮೇಲ್ ಬಂದಿದ್ದರೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹೀಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಈ ಕಂಪನಿಗಳಿಗೆ ಆದೇಶ ಮಾಡಿದೆ. ನನಗೂ ಎಸ್‌ಎಂಎಸ್ ಬಂದಿತ್ತು. ಜಾಹೀರಾತು ಅಂದುಕೊಂಡು ಓದದೇ ಬಿಟ್ಟಿದ್ದೆ.

ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ಅವರವರ ವೆಬ್‌ಸೈಟ್‌ಗೆ ಹೋದರೆ ತಿಂಗಳ ಪ್ಲಾನ್, ವರ್ಷದ ಪ್ಲಾನ್ ಅಂತ ದೊಡ್ಡ ಬಟನ್‌ಗಳು ಮೊದಲು ಕಾಣುತ್ತವೆ. ಅವಕ್ಕೆ ದುಡ್ಡು ಕಟ್ಟಬೇಡಿ. ಉಚಿತ ವಾರ್ಷಿಕ ವರದಿ ಅನ್ನೋ ಲಿಂಕ್ ಹುಡುಕಿ, ಅದನ್ನೇ ಒತ್ತಿ. ಒಂದೇ ಕಡೆ ನೋಡಿ ಸುಮ್ಮನಾಗಬೇಡಿ. ಒಬ್ಬರು ಸಿಬಿಲ್‌ನಿಂದ ವರದಿ ತೆಗೆದಿದ್ದರೆ ಇನ್ನೊಬ್ಬರು ಎಕ್ಸ್‌ಪೀರಿಯನ್‌ನಿಂದ ತೆಗೆದಿರಬಹುದು. ನನ್ನ ಮೂರರಲ್ಲಿ ಒಂದು ಎರಡು ಕಡೆಯೂ ಇತ್ತು.

ವರದಿ ಉದ್ದ ಇರುತ್ತದೆ. ಎನ್‌ಕ್ವೈರಿ ಪಟ್ಟಿ ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಸಿಗುತ್ತದೆ. ಅಲ್ಲಿ ಕಂಪನಿಯ ಹೆಸರು, ದಿನಾಂಕ, ಯಾವ ಬಗೆಯ ಸಾಲ, ಎಷ್ಟು ಮೊತ್ತ ಅಂತ ಇರುತ್ತದೆ. ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವರದಿಯ ಮೇಲ್ಗಡೆ ಇರುವ ಕಂಟ್ರೋಲ್ ನಂಬರನ್ನೂ ಬರೆದುಕೊಳ್ಳಿ. ಮುಂದಿನ ಪತ್ರಗಳಲ್ಲೆಲ್ಲ ಆ ನಂಬರ್ ಬೇಕು.

ಹಾಗೇ ಸಾಲದ ಖಾತೆಗಳ ಪುಟವನ್ನೂ ಒಂದೊಂದೇ ಸಾಲು ಓದಿ. ನೀವು ತೆಗೆದುಕೊಳ್ಳದ ಸಾಲ ಅಲ್ಲಿದ್ದರೆ ಇದು ಬರೀ ಎನ್‌ಕ್ವೈರಿ ಸಮಸ್ಯೆ ಅಲ್ಲ, ವಂಚನೆ. ಆಗ ಏನು ಮಾಡಬೇಕು ಅನ್ನೋದು ‘ನೀವು ಬಡ್ಡಿಯನ್ನೇ ವಿಚಾರಿಸಿಲ್ಲ ಅಂದರೆ’ ಅನ್ನೋ ಭಾಗದಲ್ಲಿದೆ. ಅದನ್ನೇ ಮೊದಲು ಓದಿ.

ಆ ಹೆಸರು ಯಾರದು?

ಇಲ್ಲೇ ಬಹಳ ಜನ ತಪ್ಪುವುದು. ವರದಿಯಲ್ಲಿ ಆ್ಯಪ್‌ನ ಹೆಸರು ಇರಲ್ಲ. ಆ್ಯಪ್ ಬರೀ ಅಂಗಡಿ ಬಾಗಿಲು, ದುಡ್ಡು ಕೊಡೋದು ಅದರ ಹಿಂದಿರುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ. ವರದಿಯಲ್ಲಿ ಬರೋದು ಆ ಹಿಂದಿನವರ ಹೆಸರು. ಹಾಗಾಗಿ ಗೊತ್ತಿಲ್ಲದ ಹೆಸರು ಕಂಡ ತಕ್ಷಣ ಕಳ್ಳತನ ಅಂತ ತೀರ್ಮಾನ ಮಾಡಬೇಡಿ.

ಪತ್ತೆ ಮಾಡಲು ಸುಲಭದ ದಾರಿ ಇದೆ. ಸಾಲದ ಆ್ಯಪ್‌ಗಳು ಮತ್ತು ಅವುಗಳ ಹಿಂದಿರುವ ಸಂಸ್ಥೆಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರ ಜುಲೈನಿಂದ ತನ್ನ ವೆಬ್‌ಸೈಟ್‌ನಲ್ಲಿ ಹಾಕಿದೆ. ಅದರಲ್ಲಿ ನೀವು ಬಳಸಿದ ಆ್ಯಪ್ ಹುಡುಕಿ, ಎದುರಿಗಿರುವ ಸಂಸ್ಥೆಯ ಹೆಸರು ನಿಮ್ಮ ವರದಿಯಲ್ಲಿದೆಯಾ ನೋಡಿ. ನನ್ನ ಮೂರು ಹೆಸರುಗಳಲ್ಲಿ ಒಂದು ಹೀಗೆ ಬಗೆಹರಿಯಿತು. ಅದು ನಾನು ಬಳಸಿದ ಆ್ಯಪ್‌ನ ಹಿಂದಿನ ಕಂಪನಿಯೇ.

ಆ್ಯಪ್ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂದರೆ ಎಚ್ಚರ ಇರಲಿ. ಅಂಥವರ ಮೇಲೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಇನ್ನೊಂದು ದಾರಿಯಲ್ಲೂ ಎನ್‌ಕ್ವೈರಿ ಬೀಳುತ್ತದೆ. ನೀವು ಒಬ್ಬ ಡಿಎಸ್‌ಎ ಹತ್ತಿರ, ಅಂದರೆ ಬ್ಯಾಂಕಿನ ಪರವಾಗಿ ಸಾಲ ಮಾಡಿಸಿಕೊಡುವ ಏಜೆಂಟ್ ಹತ್ತಿರ, ಬಡ್ಡಿ ವಿಚಾರಿಸಿ ಪ್ಯಾನ್ ಪ್ರತಿ ಕೊಟ್ಟಿರುತ್ತೀರಿ. ಅವರು ‘ಎಲ್ಲಾದರೂ ಒಂದು ಕಡೆ ಆಗಲಿ’ ಅಂತ ಅದನ್ನು ನಾಲ್ಕು ಕಡೆ ಹಾಕಿಬಿಡುತ್ತಾರೆ. ಕೆಲವು ಸಲ ಬರೀ ಟೈಪಿಂಗ್ ತಪ್ಪು. ನಿಮ್ಮ ಹೆಸರಿನವರೇ ಇನ್ನೊಬ್ಬರು ಸಾಲ ಕೇಳಿ, ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿ ನಿಮ್ಮ ವರದಿ ಬಂದಿರಬಹುದು. ಮೊತ್ತ ಮತ್ತು ಸಾಲದ ಬಗೆ ನಿಮಗೆ ಸಂಬಂಧವೇ ಇಲ್ಲದಂತಿದ್ದರೆ, ಅಂದರೆ ನೀವು ಮನೆ ರಿಪೇರಿಗೆ ವಿಚಾರಿಸಿ ಅಲ್ಲಿ ಟ್ರ್ಯಾಕ್ಟರ್ ಸಾಲ ಅಂತ ಇದ್ದರೆ, ಇದು ನೆನಪಿಗೆ ಬರಲಿ.

ನೀವು ಒತ್ತಿದ ಟಿಕ್ ನೋಡಿ

ಇದು ಸ್ವಲ್ಪ ಕಹಿ, ಆದರೂ ಹೇಳಲೇಬೇಕು. ಪತ್ರ ಬರೆಯುವ ಮೊದಲು ಆ ಆ್ಯಪ್ ಮತ್ತೆ ತೆರೆಯಿರಿ. ವಿವರ ತುಂಬಬೇಡಿ, ಸುಮ್ನೆ ಓದಿ. ನನ್ನ ಆ್ಯಪ್‌ನಲ್ಲಿ ಬಡ್ಡಿ ನೋಡುವ ಬಟನ್ ಹಸಿರು ಬಣ್ಣದಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾಗಿತ್ತು. ಅದರ ಕೆಳಗೆ, ಬೂದು ಬಣ್ಣದ ಪುಟ್ಟ ಅಕ್ಷರದಲ್ಲಿ, ‘ನಮ್ಮ ಸಂಸ್ಥೆ ಮತ್ತು ಸಾಲ ನೀಡುವ ಪಾಲುದಾರರು ನನ್ನ ಕ್ರೆಡಿಟ್ ವರದಿ ಪಡೆಯಲು ಒಪ್ಪಿದ್ದೇನೆ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಪಕ್ಕದ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು. ಕನ್ನಡಕ ಹಾಕಿಕೊಂಡು, ಪರದೆ ಹಿಗ್ಗಿಸಿ ಓದಬೇಕಾಯಿತು.

ಹೀಗೆ ಟಿಕ್ ಇದ್ದರೆ ಆಟ ಮುಗಿಯಿತು ಅಂತಲ್ಲ. ‘ಪಾಲುದಾರರು’ ಅಂದರೆ ಯಾರು, ಎಷ್ಟು ಜನ? ಹೆಸರು ಹೇಳಿದ್ದಾರಾ? ಬಡ್ಡಿ ತೋರಿಸಲು ವರದಿ ನೋಡುತ್ತೇವೆ ಅಂತ ಒಪ್ಪಿಗೆ ತಗೊಂಡು, ನನ್ನ ಹೆಸರಲ್ಲಿ ₹5 ಲಕ್ಷಕ್ಕೆ ಸಾಲದ ಅರ್ಜಿಯೇ ಬಂದಿದೆ ಅನ್ನೋ ಹಾಗೆ ದಾಖಲಿಸಿದ್ದು ಸರಿಯಾ? ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮಗಳು, 2025ರ ಮೇ ತಿಂಗಳಲ್ಲಿ ಹೊರಡಿಸಿದ ನಿರ್ದೇಶನಗಳು ಎರಡೂ ಒಂದು ವಿಷಯದಲ್ಲಿ ಸ್ಪಷ್ಟ ಇವೆ. ಗ್ರಾಹಕರ ಮಾಹಿತಿ ಪಡೆಯಲು ಅವರ ಸ್ಪಷ್ಟ ಒಪ್ಪಿಗೆ ಬೇಕು, ಆ ಒಪ್ಪಿಗೆಯ ದಾಖಲೆ ಕಂಪನಿ ಹತ್ತಿರ ಇರಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕೂ ನಮಗಿದೆ.

ಹಾಗಾಗಿ ಕೇಳಬೇಕಾದ್ದು ಒಂದೇ ಮಾತು: ‘ನನ್ನ ಒಪ್ಪಿಗೆಯ ದಾಖಲೆ ತೋರಿಸಿ.’ ‘ನನ್ನ ಸ್ಕೋರ್ ಇಳಿದಿದೆ, ದಯವಿಟ್ಟು ಸರಿ ಮಾಡಿ’ ಅಂತ ಬರೆದರೆ ಸಿದ್ಧ ಉತ್ತರ ಬರುತ್ತದೆ. ನನಗೆ ಎರಡು ಸಲ ಬಂತು. ದಾಖಲೆ ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಸಾಲ ಕೊಡುವ ಸಂಸ್ಥೆಗೆ ಪತ್ರ

ಕಾಲ್ ಸೆಂಟರ್‌ಗೆ ಫೋನ್ ಮಾಡಿ ಹೊತ್ತು ಕಳೆಯಬೇಡಿ. ಸಂಸ್ಥೆಯ ವೆಬ್‌ಸೈಟ್‌ನಲ್ಲಿ ದೂರು ಪರಿಹಾರ ಅಧಿಕಾರಿ ಅಥವಾ ನೋಡಲ್ ಅಧಿಕಾರಿ ಅಂತ ಒಬ್ಬರ ಇಮೇಲ್ ಇರುತ್ತದೆ. ಅಲ್ಲಿಗೇ ಬರೆಯಿರಿ. ಆ್ಯಪ್‌ನವರಿಗೂ ಒಂದು ಪ್ರತಿ ಹಾಕಿ. ಕನ್ನಡದಲ್ಲೇ ಬರೆಯಬಹುದು. ಕಚೇರಿ ಮುಂಬೈ, ಗುರುಗ್ರಾಮದ ಕಡೆ ಇದ್ದರೆ ಜೊತೆಗೊಂದು ಇಂಗ್ಲಿಷ್ ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ. ನಾನು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು:

‘ಮಾನ್ಯರೆ, ನನ್ನ ಕ್ರೆಡಿಟ್ ವರದಿಯಲ್ಲಿ (ಕಂಟ್ರೋಲ್ ನಂಬರ್ ____) ದಿನಾಂಕ ____ರಂದು ನಿಮ್ಮ ಸಂಸ್ಥೆಯ ಹೆಸರಿನಲ್ಲಿ ₹____ ಮೊತ್ತದ ಪರ್ಸನಲ್ ಲೋನ್ ಎನ್‌ಕ್ವೈರಿ ದಾಖಲಾಗಿದೆ. ನಾನು ನಿಮ್ಮಲ್ಲಿ ಸಾಲಕ್ಕೆ ಅರ್ಜಿ ಹಾಕಿಲ್ಲ. ನಾನು ಒಪ್ಪಿಗೆ ಕೊಟ್ಟಿದ್ದೇನೆ ಎನ್ನುವುದಾದರೆ ಅದರ ದಾಖಲೆ ಕಳಿಸಿ: ಒಪ್ಪಿಗೆಯ ದಿನಾಂಕ ಮತ್ತು ಸಮಯ, ಓಟಿಪಿ ಹೋದ ಮೊಬೈಲ್ ಸಂಖ್ಯೆ, ಐಪಿ ವಿಳಾಸ, ನಾನು ಒಪ್ಪಿದ ಮಾತುಗಳ ಪೂರ್ತಿ ಪ್ರತಿ, ನನ್ನ ವಿವರ ನಿಮಗೆ ಕೊಟ್ಟ ಏಜೆಂಟ್ ಅಥವಾ ಆ್ಯಪ್‌ನ ಹೆಸರು. ಅಂಥ ದಾಖಲೆ ಇಲ್ಲದಿದ್ದರೆ ಈ ಎನ್‌ಕ್ವೈರಿ ತೆಗೆಯುವಂತೆ ಸಂಬಂಧಪಟ್ಟ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಬರೆದು, ಪ್ರತಿಯನ್ನು ನನಗೆ ಕಳಿಸಿ. ನನ್ನ ಮಾಹಿತಿ ಬಳಸಲು ಹಿಂದೆ ಯಾವುದೇ ಒಪ್ಪಿಗೆ ಇದ್ದರೆ ಇಂದಿನಿಂದ ಅದನ್ನು ಹಿಂಪಡೆದಿದ್ದೇನೆ. ನನ್ನ ಹೆಸರಿನಲ್ಲಿ ಯಾವುದೇ ಸಾಲದ ಅರ್ಜಿ ಬಾಕಿ ಇದ್ದರೆ ರದ್ದು ಮಾಡಿ. ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ 2005ರ 22ನೇ ಸೆಕ್ಷನ್ ಅನಧಿಕೃತವಾಗಿ ಕ್ರೆಡಿಟ್ ಮಾಹಿತಿ ಪಡೆಯುವುದನ್ನು ನಿಷೇಧಿಸಿದೆ ಎಂಬುದನ್ನು ಗಮನಕ್ಕೆ ತರುತ್ತೇನೆ.’

ಆ ಸೆಕ್ಷನ್ ಸುಮ್ನೆ ಹಾಕಿದ್ದಲ್ಲ. ಅಧಿಕಾರ ಇಲ್ಲದೆ ಇನ್ನೊಬ್ಬರ ಕ್ರೆಡಿಟ್ ಮಾಹಿತಿ ಪಡೆದರೆ ₹1 ಲಕ್ಷದವರೆಗೆ ದಂಡ ಇದೆ. ಅದು ಮುಂದುವರಿದರೆ ದಿನಕ್ಕೆ ₹10,000ದವರೆಗೆ ಇನ್ನಷ್ಟು ದಂಡ. ಕಂಪನಿಯ ಕಾನೂನು ವಿಭಾಗದವರಿಗೆ ಇದು ಚೆನ್ನಾಗಿ ಗೊತ್ತು.

ಪತ್ರದ ಜೊತೆ ಎನ್‌ಕ್ವೈರಿ ಇರುವ ಪುಟದ ಪ್ರತಿ ಮಾತ್ರ ಇಡಿ. ಪೂರ್ತಿ ವರದಿ ಕಳಿಸಬೇಡಿ. ನಿಮ್ಮ ಬೇರೆ ಸಾಲಗಳ ವಿವರ ಅವರಿಗೆ ಯಾಕೆ? ಗುರುತಿಗೆ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ದೂರಿನ ನಂಬರ್ ಬಂದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಪತ್ರ ಹೋದ ಮೇಲೆ ಫೋನ್ ಬರಬಹುದು. ‘ಎನ್‌ಕ್ವೈರಿ ತೆಗೆಯಲು ಒಂದು ಓಟಿಪಿ ಬರುತ್ತೆ, ಹೇಳಿ’ ಅಂದರೆ ಕೊಡಲೇಬೇಡಿ. ಆ ಓಟಿಪಿಯೇ ಹೊಸ ಒಪ್ಪಿಗೆ ಆಗಿಬಿಡಬಹುದು. ‘ಇಮೇಲ್‌ನಲ್ಲಿ ಬರೆಯಿರಿ’ ಅಂತ ಹೇಳಿ ಇಟ್ಟುಬಿಡಿ.

ಕ್ರೆಡಿಟ್ ಕಂಪನಿಯಲ್ಲಿ ತಕರಾರು

ಸಂಸ್ಥೆಗೆ ಬರೆದ ದಿನವೇ ಇದನ್ನೂ ಮಾಡಿ, ಉತ್ತರ ಬರಲಿ ಅಂತ ಕಾಯಬೇಡಿ. ಎನ್‌ಕ್ವೈರಿ ಕಂಡ ಪ್ರತಿ ಕಂಪನಿಯ ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ, ತಕರಾರು ಅಂದರೆ ಡಿಸ್ಪ್ಯೂಟ್ ವಿಭಾಗಕ್ಕೆ ಹೋಗಿ, ಆ ಎನ್‌ಕ್ವೈರಿಯನ್ನು ಆರಿಸಿ ‘ಇದು ನನ್ನದಲ್ಲ’ ಅಂತ ದಾಖಲಿಸಬೇಕು. ಇದಕ್ಕೆ ಶುಲ್ಕ ಇಲ್ಲ. ಎರಡು ಕಡೆ ಕಂಡಿದ್ದರೆ ಎರಡು ಕಡೆಯೂ ಹಾಕಬೇಕು. ಒಂದರಲ್ಲಿ ಹಾಕಿದರೆ ಇನ್ನೊಂದಕ್ಕೆ ತಾನಾಗೇ ಹೋಗಲ್ಲ.

ಒಂದು ಮಾತು ತಿಳಿದಿರಲಿ. ಈ ಕಂಪನಿಗಳು ತಾವಾಗಿಯೇ ಏನನ್ನೂ ಅಳಿಸಲ್ಲ. ನಿಮ್ಮ ತಕರಾರನ್ನು ಸಾಲ ಸಂಸ್ಥೆಗೆ ಕಳಿಸಿ, ಅವರು ಹೌದು ಅಂದರೆ ಮಾತ್ರ ತೆಗೆಯುತ್ತಾರೆ. ಅದಕ್ಕೇ ಎರಡು ಕಡೆಯಿಂದಲೂ ಒತ್ತಬೇಕು ಅಂದದ್ದು.

ದೂರು ಕೊಟ್ಟ ದಿನದಿಂದ 30 ದಿನ ಗಡುವು. ಅದರಲ್ಲಿ ಸರಿಯಾದ ಮಾಹಿತಿ ಕಳಿಸಲು ಸಾಲ ಸಂಸ್ಥೆಗೆ 21 ದಿನ. 30 ದಿನ ದಾಟಿದರೂ ದೂರು ಬಗೆಹರಿಯದಿದ್ದರೆ ದಿನಕ್ಕೆ ₹100 ಲೆಕ್ಕದಲ್ಲಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಡ ಮಾಡಿದವರು ಯಾರೋ ಅವರೇ ಕೊಡಬೇಕು. ಸ್ಕೋರ್ ಲೆಕ್ಕ ಹಾಕಿದ ರೀತಿ ಸರಿಯಿಲ್ಲ ಅನ್ನೋ ದೂರಿಗೆ ಈ ಪರಿಹಾರ ಇಲ್ಲ. ಆದ್ದರಿಂದ ಅರ್ಜಿಯಲ್ಲಿ ಸ್ಕೋರ್ ಮಾತು ಎತ್ತಬೇಡಿ. ‘ತಪ್ಪು ಎನ್‌ಕ್ವೈರಿ ದಾಖಲಾಗಿದೆ, ತೆಗೆಯಿರಿ’ ಅಂತಷ್ಟೇ ಬರೆಯಿರಿ. ಅವರು ನಿಮ್ಮ ದೂರು ತಿರಸ್ಕರಿಸಿದರೂ ಕಾರಣ ಬರೆದು ಕೊಡಬೇಕು. ಆ ಕಾರಣದ ಕಾಗದ ಮುಂದಿನ ಹೆಜ್ಜೆಗೆ ಬೇಕಾಗುತ್ತದೆ.

ನನ್ನ ಮೂರು ಎನ್‌ಕ್ವೈರಿಗಳ ಕಥೆ ಮೂರು ರೀತಿ ಆಯಿತು. ಆ್ಯಪ್‌ನ ಹಿಂದಿದ್ದ ಸಂಸ್ಥೆ ಒಪ್ಪಿಗೆಯ ದಾಖಲೆ ಕಳಿಸಿತು. ರಾತ್ರಿ 9 ಗಂಟೆ 52 ನಿಮಿಷ, ನನ್ನದೇ ಮೊಬೈಲ್ ನಂಬರ್. ಅದನ್ನು ನಾನು ಒಪ್ಪಿಕೊಂಡೆ, ಅದು ಇವತ್ತಿಗೂ ವರದಿಯಲ್ಲಿದೆ. ಎರಡನೆಯವರು ದಾಖಲೆ ಸಿಗಲಿಲ್ಲ ಅಂತ ಒಪ್ಪಿ ಮೂರು ವಾರದಲ್ಲಿ ತೆಗೆಸಿದರು. ಮೂರನೆಯವರು ಸ್ವಯಂಚಾಲಿತ ಇಮೇಲ್ ಬಿಟ್ಟರೆ ಬೇರೇನೂ ಕಳಿಸಲಿಲ್ಲ. ಅವರಿಗಾಗಿ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯ ಬಾಗಿಲು ತಟ್ಟಬೇಕಾಯಿತು.

31ನೇ ದಿನ

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪುವಂತಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಬ್ಯಾಂಕ್, ಎನ್‌ಬಿಎಫ್‌ಸಿಗಳಷ್ಟೇ ಅಲ್ಲ, 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಈ ವ್ಯವಸ್ಥೆಯೊಳಗೆ ಬಂದಿವೆ. ದೂರನ್ನು ರಿಸರ್ವ್ ಬ್ಯಾಂಕಿನ ದೂರುಗಳ ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು. ವಕೀಲರು ಬೇಡ, ಫೀಸು ಇಲ್ಲ. ಗೊಂದಲ ಆದರೆ 14448ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಮೊದಲು ಸಂಸ್ಥೆಗೇ ಬರೆದಿದ್ದೀರಿ ಅನ್ನೋದಕ್ಕೆ ಸಾಕ್ಷಿ ಇಲ್ಲದಿದ್ದರೆ ಇಲ್ಲಿ ದೂರು ನಿಲ್ಲಲ್ಲ. ನಿಮ್ಮ ಇಮೇಲ್, ದೂರಿನ ನಂಬರ್, ವರದಿಯ ಆ ಪುಟ, ಬಂದ ಉತ್ತರ, ನಾಲ್ಕನ್ನೂ ಪಿಡಿಎಫ್ ಮಾಡಿಟ್ಟುಕೊಂಡು ಕೂತರೆ ಅರ್ಧ ಗಂಟೆಯ ಕೆಲಸ. ದಿನ ದೂಡಬೇಡಿ, ಇದಕ್ಕೂ ಕಾಲಮಿತಿ ಇದೆ. ಪರಿಹಾರವಾಗಿ ಏನು ಬೇಕು ಅನ್ನೋ ಜಾಗದಲ್ಲಿ ಸ್ಪಷ್ಟವಾಗಿ ಬರೆಯಿರಿ: ಎನ್‌ಕ್ವೈರಿ ತೆಗೆಯಬೇಕು, ತೆಗೆದದ್ದಕ್ಕೆ ಪತ್ರ ಕೊಡಬೇಕು, 30 ದಿನದ ನಂತರದ ಪ್ರತಿ ದಿನಕ್ಕೆ ₹100 ಕೊಡಬೇಕು.

ಈ ನಡುವೆ ಮಾಡಬಾರದ ಎರಡು ಕೆಲಸ ಇವೆ. ಗಾಬರಿಯಲ್ಲಿ ಬೇರೆ ಬೇರೆ ಕಡೆ ಸಾಲಕ್ಕೆ ಅರ್ಜಿ ಹಾಕಬೇಡಿ, ಪಟ್ಟಿ ಇನ್ನೂ ಉದ್ದ ಆಗುತ್ತದೆ. ಇನ್ನೊಂದು, ‘ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ, ಇಷ್ಟು ಕೊಡಿ’ ಅನ್ನುವವರ ಹತ್ತಿರ ಹೋಗಬೇಡಿ. ನಿಮ್ಮ ಪ್ಯಾನ್, ಆಧಾರ್, ಓಟಿಪಿ ಎಲ್ಲವನ್ನೂ ಕೇಳುತ್ತಾರೆ. ಕೊನೆಗೆ ಹಾಕುವುದು ಮೇಲೆ ಹೇಳಿದ ಇದೇ ಪುಕ್ಕಟೆ ತಕರಾರನ್ನು.

ಸಾಲ ತುರ್ತಾಗಿ ಬೇಕಿದ್ದರೆ ನಿಮ್ಮ ಬ್ಯಾಂಕಿನವರಿಗೆ ಮುಚ್ಚಿಡದೆ ಹೇಳಿ. ನಾನು ದೂರಿನ ಪ್ರತಿ ತಗೊಂಡು ಮತ್ತೆ ಅದೇ ಮ್ಯಾನೇಜರ್ ಹತ್ತಿರ ಹೋದೆ. ಅವರು ಅದನ್ನು ಓದಿ ಫೈಲಿಗೆ ಸೇರಿಸಿಕೊಂಡರು. ಎರಡನೆಯ ಸಂಸ್ಥೆಯ ಪತ್ರ ಬಂದ ಮೇಲೆ ಸಾಲ ಮಂಜೂರಾಯಿತು.

ನೀವು ಬಡ್ಡಿಯನ್ನೇ ವಿಚಾರಿಸಿಲ್ಲ ಅಂದರೆ

ಯಾವ ಆ್ಯಪ್ ತೆರೆದಿಲ್ಲ, ಯಾವ ಏಜೆಂಟ್‌ಗೂ ಪ್ಯಾನ್ ಕೊಟ್ಟಿಲ್ಲ, ಆದರೂ ಎನ್‌ಕ್ವೈರಿ ಬಂದಿದೆ. ಅಥವಾ ನೀವು ಪಡೆಯದ ಸಾಲ ನಿಮ್ಮ ಹೆಸರಲ್ಲಿದೆ. ಆಗ ಯಾರೋ ನಿಮ್ಮ ದಾಖಲೆ ಬಳಸುತ್ತಿದ್ದಾರೆ ಅಂತಲೇ ತಿಳಿಯಿರಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ. ಕರ್ನಾಟಕದಲ್ಲಿ ಇಂಥದ್ದಕ್ಕೆಂದೇ ಜಿಲ್ಲೆಗಳಲ್ಲಿ ಸಿಇಎನ್ ಅನ್ನೋ ಸೈಬರ್ ಅಪರಾಧ ಪೊಲೀಸ್ ಠಾಣೆಗಳಿವೆ. ಅಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದರ ಪ್ರತಿಯನ್ನು ಸಾಲ ಸಂಸ್ಥೆಗೂ ಕ್ರೆಡಿಟ್ ಕಂಪನಿಗಳಿಗೂ ಕಳಿಸಿ. ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಿ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿ. ಇದಕ್ಕೆ 30 ದಿನ ಕಾಯೋ ಹಾಗಿಲ್ಲ, ಅದೇ ದಿನ ಆಗಬೇಕು.

ಮುಂದಿನ ಸಲ ಬಡ್ಡಿ ಕೇಳುವಾಗ

ಬಡ್ಡಿ ದರ ತಿಳಿಯಲು ಪ್ಯಾನ್ ಕೊಡಬೇಕಾಗಿಲ್ಲ. ಬ್ಯಾಂಕುಗಳು ಬಡ್ಡಿ ದರದ ಪಟ್ಟಿಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಿರುತ್ತವೆ, ಎಷ್ಟೋ ಕಡೆ ಯಾವ ಸ್ಕೋರ್‌ಗೆ ಎಷ್ಟು ಅಂತಲೂ ಇರುತ್ತದೆ. ಶಾಖೆಗೆ ಹೋಗುವುದಾದರೆ ನೀವೇ ತೆಗೆದ ಉಚಿತ ವರದಿಯ ಪ್ರತಿ ಹಿಡಿದು ಹೋಗಿ. ‘ಇದು ನನ್ನ ಸ್ಕೋರ್, ಇದಕ್ಕೆ ಎಷ್ಟು ಬಡ್ಡಿ ಬರುತ್ತೆ? ನಾನು ಹೇಳುವ ತನಕ ಸಿಬಿಲ್ ತೆಗೆಯಬೇಡಿ’ ಅಂತ ಕೇಳಿ. ಏಜೆಂಟ್ ಆದರೆ ಇದೇ ಮಾತನ್ನು ವಾಟ್ಸಾಪ್‌ನಲ್ಲಿ ಬರೆದು, ಅವರು ಸರಿ ಅಂದ ಮೇಲೆ ಮಾತ್ರ ದಾಖಲೆ ಕಳಿಸಿ. ಪ್ಯಾನ್ ಪ್ರತಿಯ ಮೇಲೆ ಅಡ್ಡವಾಗಿ, ಯಾವ ಬ್ಯಾಂಕಿಗೆ, ಯಾವ ದಿನ ಕೊಟ್ಟದ್ದು ಅಂತ ಪೆನ್ನಿನಲ್ಲಿ ಬರೆದು ಸಹಿ ಹಾಕಿ. ಸಾಲ ಎಲ್ಲಿ ತಗೊಳ್ಳೋದು ಅಂತ ಗಟ್ಟಿಯಾದ ಮೇಲೆ ಅಲ್ಲಿ ಒಂದು ಕಡೆ ಮಾತ್ರ ಒಪ್ಪಿಗೆ ಕೊಡಿ. ಸಹಿ ಮಾಡುವ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಬಡ್ಡಿಯ ಜೊತೆ ಎಲ್ಲ ಶುಲ್ಕ ಸೇರಿ ನಿಜವಾಗಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಅದರಲ್ಲಿರುತ್ತದೆ.

ಎನ್‌ಕ್ವೈರಿ ತೆಗೆದಿದ್ದೇವೆ ಅಂತ ಪತ್ರ ಬಂದ ಮೇಲೆ ಎರಡು ಮೂರು ವಾರ ಬಿಟ್ಟು ವರದಿ ಮತ್ತೆ ನೋಡಿ. ನನ್ನ ಮೂರನೆಯ ಎನ್‌ಕ್ವೈರಿ ಸಿಬಿಲ್‌ನಿಂದ ಹೋಗಿತ್ತು, ಇನ್ನೊಂದು ಕಡೆ ಹಾಗೇ ಉಳಿದಿತ್ತು. ಅದೇ ಪತ್ರವನ್ನು ಲಗತ್ತಿಸಿ ಅಲ್ಲಿ ಇನ್ನೊಂದು ತಕರಾರು ಹಾಕಿದೆ. ಹನ್ನೊಂದು ದಿನಕ್ಕೆ ಅಲ್ಲಿಂದಲೂ ಹೋಯಿತು.